ಸೇರಿಸಿಕೊಳ್ಳುವುದು ಒಂದು, ದಡ ಮುಟ್ಟಿಸುವುದು ಇನ್ನೊಂದು: ಅಮೆರಿಕದ ಲ್ಯಾಟಿನೋ ವಿದ್ಯಾರ್ಥಿಗಳ ಬೆನ್ನಿಗೆ ನಿಂತ ಸಂಸ್ಥೆಗಳು

ಗಣಿತದ ಮೇಷ್ಟ್ರು, ಸ್ಯಾನ್ ಆಂಟೋನಿಯೋ

ಕಳೆದ ಭಾನುವಾರ ಸಂಜೆ ಪಕ್ಕದ ಮನೆಯ ತಾಯಿ, ಮಗಳು ಇಬ್ಬರೂ ನಮ್ಮ ಮನೆಗೆ ಬಂದರು. ಮಗಳು ಹನ್ನೆರಡನೆಯ ತರಗತಿಯಲ್ಲಿದ್ದಾಳೆ. ಕಾಲೇಜಿಗೆ ಸರಕಾರದ ಧನಸಹಾಯ ಕೇಳುವ ಅರ್ಜಿಯನ್ನು, ಇಲ್ಲಿ ಎಲ್ಲರೂ ‘ಫ್ಯಾಫ್ಸಾ’ ಎನ್ನುವುದನ್ನು, ತುಂಬಬೇಕಿತ್ತು. ನಾನು ಸಮುದಾಯ ಕಾಲೇಜಿನಲ್ಲಿ, ಅಂದರೆ ಎರಡು ವರ್ಷದ ಸರಕಾರಿ ಕಾಲೇಜಿನಲ್ಲಿ, ಗಣಿತ ಕಲಿಸುವವನು, ಇದೆಲ್ಲ ನನಗೆ ಗೊತ್ತಿರುತ್ತದೆ ಎಂದು ಅವರ ನಂಬಿಕೆ. ತಾಯಿಯ ಕೈಯಲ್ಲಿ ಒಂದು ನೀಲಿ ಬಿಸ್ಕತ್ ಡಬ್ಬ. ಮುಚ್ಚಳ ತೆಗೆದರೆ ಒಳಗೆ ಜನನ ಪತ್ರ, ತೆರಿಗೆಯ ಕಾಗದ, ಬಾಡಿಗೆ ರಸೀದಿ, ತೀರಿಹೋದ ಅಜ್ಜನ ಸೇನೆಯ ಬಿಡುಗಡೆ ಪತ್ರ. ಹಾಸನದ ನಮ್ಮ ಮನೆಯಲ್ಲಿ ಅವ್ವ ಪಹಣಿ, ಕಂದಾಯದ ರಸೀದಿ ಇಟ್ಟುಕೊಂಡಿದ್ದ ತಗಡಿನ ಪೆಟ್ಟಿಗೆ ಕಣ್ಣ ಮುಂದೆ ಬಂತು.

ಈಗ ಆ ಅರ್ಜಿಗೆ ಹೆತ್ತವರೂ ತಮ್ಮದೇ ಖಾತೆ ತೆರೆದು ಒಪ್ಪಿಗೆ ಕೊಡಬೇಕು. ತಾಯಿಗೆ ಇಮೇಲ್ ಇರಲಿಲ್ಲ, ಮಾಡಿಕೊಟ್ಟೆವು. ಸಂಕೇತಸಂಖ್ಯೆ ಬರಬೇಕಾದ ಮೊಬೈಲ್ ರಾತ್ರಿಪಾಳಿಗೆ ಹೋಗಿದ್ದ ಮಗನ ಕಿಸೆಯಲ್ಲಿತ್ತು. ಅವನು ಊಟದ ಬಿಡುವಿನಲ್ಲಿ ಫೋನ್ ಮಾಡಿ ಆರು ಅಂಕಿ ಓದಿ ಹೇಳುವಷ್ಟರಲ್ಲಿ ಅದರ ಅವಧಿ ಮುಗಿದಿತ್ತು. ಮತ್ತೆ ಮೊದಲಿಂದ. ಹುಡುಗಿ ಕಲನಶಾಸ್ತ್ರದಲ್ಲಿ ತರಗತಿಗೇ ಮೊದಲಿಗಳು. ಆದರೆ ‘ಮನೆಯಲ್ಲಿ ಎಷ್ಟು ಜನ’ ಎಂಬ ಪ್ರಶ್ನೆಗೆ ಬಂದಾಗ ಅಜ್ಜಿಯನ್ನು ಸೇರಿಸಬೇಕೋ ಬಿಡಬೇಕೋ ತಿಳಿಯದೆ ಅವಳ ಬೆರಳು ಅಲ್ಲೇ ನಿಂತಿತು. ನನಗೂ ಗೊತ್ತಿರಲಿಲ್ಲ. ಟೆಕ್ಸಸ್‌ನಲ್ಲಿ ಈ ಅರ್ಜಿ ತುಂಬದೆ, ಅಥವಾ ‘ತುಂಬುವುದಿಲ್ಲ’ ಎಂದು ಬರೆದುಕೊಡದೆ, ಹೈಸ್ಕೂಲು ಮುಗಿಸಿದ ಪತ್ರವೂ ಸಿಗುವುದಿಲ್ಲ.

ಮರುದಿನ ಅವರನ್ನು ನಗರದ ಕೆಫೆ ಕಾಲೇಜ್‌ಗೆ ಕರೆದುಕೊಂಡು ಹೋದೆ. ಹೂಲಿಯಾನ್ ಕಾಸ್ಟ್ರೋ ಇಲ್ಲಿ ಮೇಯರ್ ಆಗಿದ್ದಾಗ 2010ರಲ್ಲಿ ತೆರೆದ ಮಾರ್ಗದರ್ಶನ ಕೇಂದ್ರ ಅದು. ಯಾರು ಬೇಕಾದರೂ ನೇರವಾಗಿ ಒಳಗೆ ಹೋಗಿ ಕೇಳಬಹುದು, ಶುಲ್ಕವಿಲ್ಲ. ಅಲ್ಲಿದ್ದ ಹೆಣ್ಣುಮಗಳು ಸ್ಪ್ಯಾನಿಷ್‌ನಲ್ಲಿ ಒಂದೇ ಮಾತು ಕೇಳಿದಳು: ಅಜ್ಜಿಯ ಅರ್ಧಕ್ಕಿಂತ ಹೆಚ್ಚು ಖರ್ಚನ್ನು ಈ ಮನೆಯೇ ನೋಡಿಕೊಳ್ಳುತ್ತದೆಯೇ? ಹೌದು ಎಂದರು. ಹಾಗಾದರೆ ಸೇರಿಸಿ ಎಂದಳು. ಎರಡು ನಿಮಿಷದ ಕೆಲಸ.

ಇಲ್ಲಿ ಹದಿಮೂರು ವರ್ಷ ಕಲಿಸಿದ್ದೇನೆ. ನನ್ನ ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳು ಲ್ಯಾಟಿನೋ ಮನೆಗಳಿಂದ ಬಂದವರು. ಅವರಿಗಾಗಿ ದಶಕಗಳಿಂದ ದುಡಿಯುತ್ತಿರುವ ಸಂಸ್ಥೆಗಳ ಬಗ್ಗೆ ಕನ್ನಡದಲ್ಲಿ ಒಂದು ಒಳ್ಳೆಯ ಬರಹವೂ ನನ್ನ ಕಣ್ಣಿಗೆ ಬಿದ್ದಿಲ್ಲ. ಇಲ್ಲಿರುವ ಕನ್ನಡಿಗರಲ್ಲಿ ಇದನ್ನು ಹತ್ತಿರದಿಂದ ಕಂಡವರು ಇದ್ದೇ ಇದ್ದೀರಿ. ಏನು ಫಲಿಸಿತು, ಏನು ಫಲಿಸಲಿಲ್ಲ, ದಯವಿಟ್ಟು ಬರೆಯಿರಿ.

ನ್ಯೂಯಾರ್ಕಿನ ತುಂಗೆ

ಮೇಷ್ಟ್ರೇ, ಈ ಕಥೆಯನ್ನು ನಾನು ಆಂತೋನಿಯಾ ಪಂತೋಹಾ ಅವರಿಂದ ಶುರು ಮಾಡುತ್ತೇನೆ. ಪೋರ್ಟೊ ರಿಕೋದಲ್ಲಿ 1922ರಲ್ಲಿ ಹುಟ್ಟಿದವರು. ಹಳ್ಳಿಯ ಶಾಲೆಯಲ್ಲಿ ಪಾಠ ಮಾಡಿದರು. 1944ರಲ್ಲಿ ಹಡಗು ಹತ್ತಿ ನ್ಯೂಯಾರ್ಕಿಗೆ ಬಂದು ಕಾರ್ಖಾನೆಯಲ್ಲಿ ಬೆಸುಗೆ ಹಾಕುವ ಕೆಲಸಕ್ಕೆ ಸೇರಿದರು. ವಿದ್ಯಾರ್ಥಿವೇತನ ಸಿಕ್ಕಿ ಹಂಟರ್ ಕಾಲೇಜಿನಲ್ಲಿ ಓದಿ 1952ರಲ್ಲಿ ಪದವಿ, ಆಮೇಲೆ ಕೊಲಂಬಿಯಾದಲ್ಲಿ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಪಡೆದರು. ಅವರು 1961ರಲ್ಲಿ ಕಟ್ಟಿದ್ದು ಆಸ್ಪಿರಾ. ಸ್ಪ್ಯಾನಿಷ್‌ನಲ್ಲಿ ಆ ಮಾತಿಗೆ ‘ಹಂಬಲಿಸು, ಎತ್ತರಕ್ಕೆ ಆಸೆಪಡು’ ಎಂಬ ಅರ್ಥವಿದೆ.

ಬಡತನವನ್ನು ತೋರಿಸಿ ದಾನ ಕೇಳುವ ದಾರಿಯನ್ನು ಅವರು ಹಿಡಿಯಲಿಲ್ಲ. ಹೈಸ್ಕೂಲುಗಳಲ್ಲಿ ಮಕ್ಕಳ ಸಂಘಗಳನ್ನು ಕಟ್ಟಿದರು. ಆ ಸಂಘಗಳಲ್ಲಿ ಮಕ್ಕಳು ತಮ್ಮ ದ್ವೀಪದ ಚರಿತ್ರೆ ಓದುತ್ತಿದ್ದರು, ಸಭೆ ನಡೆಸುವುದನ್ನು ಕಲಿಯುತ್ತಿದ್ದರು, ಕಾಲೇಜಿಗೆ ಅರ್ಜಿ ಹಾಕುತ್ತಿದ್ದರು. ನಾಯಕತ್ವ ಮತ್ತು ಕಾಲೇಜು ಎರಡನ್ನೂ ಒಂದೇ ಕೊಠಡಿಯಲ್ಲಿ ಇಟ್ಟಿದ್ದು ಅವರ ಹೆಚ್ಚುಗಾರಿಕೆ. ಶಾಲೆಗಳು ಇಂಗ್ಲಿಷ್ ಬಾರದ ಮಕ್ಕಳನ್ನು ಹಿಂದಿನ ಬೆಂಚಿಗೆ ತಳ್ಳುತ್ತಿದ್ದಾಗ ಆಸ್ಪಿರಾ 1972ರಲ್ಲಿ ನಗರದ ಶಿಕ್ಷಣ ಮಂಡಳಿಯ ಮೇಲೆ ಮೊಕದ್ದಮೆ ಹೂಡಿತು. 1974ರಲ್ಲಿ ಎರಡು ಭಾಷೆಗಳಲ್ಲಿ ಕಲಿಸಲು ಮಂಡಳಿ ಒಪ್ಪಬೇಕಾಯಿತು. ಮಾತೃಭಾಷೆಯಲ್ಲಿ ಪಾಠ ಕೇಳಿ ಬೆಳೆದ ನಮಗೆ ಆ ಗೆಲುವಿನ ತೂಕ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಪಂತೋಹಾ ಅವರಿಗೆ 1996ರಲ್ಲಿ ಅಧ್ಯಕ್ಷರ ಸ್ವಾತಂತ್ರ್ಯ ಪದಕ ಬಂತು.

ಬ್ರಾಂಕ್ಸ್‌ನ ಓಸ್ತೋಸ್ ಸಮುದಾಯ ಕಾಲೇಜನ್ನೂ ಮರೆಯಬಾರದು. 1968ರಲ್ಲಿ ಸ್ಥಾಪನೆಯಾಗಿ, ಹಳೆಯ ಟೈರ್ ಕಾರ್ಖಾನೆಯೊಂದರಲ್ಲಿ ಪಾಠ ಆರಂಭಿಸಿತು. ನಗರದ ಖಜಾನೆ ಬರಿದಾದಾಗ 1976ರಲ್ಲಿ ಅದನ್ನು ಮುಚ್ಚಲು ಹೊರಟರು. ವಿದ್ಯಾರ್ಥಿಗಳು, ಅಧ್ಯಾಪಕರು, ಸುತ್ತಲಿನ ಜನ ಕಟ್ಟಡದೊಳಗೆ ಕುಳಿತು ಅದನ್ನು ಉಳಿಸಿಕೊಂಡರು. ಅದರ ಮುಂದಿನ ರಸ್ತೆಯಲ್ಲಿ ಬಸ್ಸಿಗೆ ಕಾಯುವಾಗಲೆಲ್ಲ, ತೊಟ್ಟಿಲಕೂಸನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಸಂಜೆಯ ತರಗತಿಗೆ ಹೋಗುವ ತಾಯಂದಿರನ್ನು ನೋಡುತ್ತೇನೆ.

ಹೊಸ ಓದುಗ

ಒಂದು ಸಂದೇಹ. ಹಿಸ್ಪಾನಿಕ್, ಲ್ಯಾಟಿನೋ, ಚಿಕಾನೋ ಇವೆಲ್ಲ ಒಂದೇನೇ?

ನ್ಯೂಯಾರ್ಕಿನ ತುಂಗೆ

ಒಂದೇ ಅಲ್ಲ. ಹಿಸ್ಪಾನಿಕ್ ಎಂದರೆ ಸ್ಪ್ಯಾನಿಷ್ ಭಾಷೆಯ ಬೇರು ಇರುವವರು, ಸರಕಾರಿ ಕಾಗದಗಳ ಮಾತು. 1980ರ ಜನಗಣತಿಯಲ್ಲಿ ಮೊದಲ ಬಾರಿಗೆ ಎಲ್ಲ ಮನೆಗಳಿಗೂ ಆ ಪ್ರಶ್ನೆ ಹೋಯಿತು. ಲ್ಯಾಟಿನೋ ಎಂದರೆ ಲ್ಯಾಟಿನ್ ಅಮೆರಿಕದ ಮೂಲದವರು. ಚಿಕಾನೋ ಎನ್ನುವುದು ಮೆಕ್ಸಿಕನ್ ಮೂಲದ ಅಮೆರಿಕನ್ನರು 60ರ ದಶಕದ ಹೋರಾಟದಲ್ಲಿ ತಲೆ ಎತ್ತಿ ಹೇಳಿಕೊಂಡ ಹೆಸರು. ಪೋರ್ಟೊ ರಿಕೋದವರು 1917ರಿಂದಲೂ ಅಮೆರಿಕದ ಪ್ರಜೆಗಳೇ. ಅವರನ್ನು ‘ವಲಸಿಗರು’ ಎಂದರೆ ನೋವಾಗುತ್ತದೆ. ಕ್ಯೂಬಾದವರ ಕಥೆ ಬೇರೆ, ಎಲ್ ಸಾಲ್ವಡೋರ್‌ನವರದು ಇನ್ನೂ ಬೇರೆ. 2020ರ ಜನಗಣತಿಯಲ್ಲಿ ಇವರೆಲ್ಲ ಸೇರಿ 6 ಕೋಟಿ 21 ಲಕ್ಷ. ನಮ್ಮ ಕರ್ನಾಟಕದ ಜನಸಂಖ್ಯೆಗೆ ಹತ್ತಿರದ ಮಾತು.

ಬಯಲುಸೀಮೆ

ಮೇಷ್ಟ್ರ ಬರಹ ಓದಿ ಮನಸ್ಸು ತುಂಬಿತು. ಆದರೂ ಒಂದು ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಕೇಳುತ್ತೇನೆ. ಕಷ್ಟ ಇರುವುದು ಬಡವರಿಗೆ. ಲ್ಯಾಟಿನೋಗಳಲ್ಲೂ ಉಳ್ಳವರಿದ್ದಾರೆ, ಬಿಳಿಯರಲ್ಲೂ, ನಮ್ಮ ಭಾರತೀಯರಲ್ಲೂ ಇಲ್ಲದವರಿದ್ದಾರೆ. ಒಂದು ಜನಾಂಗದ ಹೆಸರಿನಲ್ಲಿ ಸರಕಾರ ಹಣ ಕೊಡುವುದು ಸರಿಯೇ? ನಾನು ಜಗಳಕ್ಕೆ ಕೇಳುತ್ತಿಲ್ಲ, ತಿಳಿಯಬೇಕೆಂದೇ ಕೇಳುತ್ತಿದ್ದೇನೆ.

ಗಣಿತದ ಮೇಷ್ಟ್ರು, ಸ್ಯಾನ್ ಆಂಟೋನಿಯೋ

ಒಳ್ಳೆಯ ಪ್ರಶ್ನೆ. ಉತ್ತರ ಹೇಳುವ ಮೊದಲು ಆ ಹಣ ಹೇಗೆ ಹರಿಯುತ್ತದೆ ಎಂದು ಹೇಳುತ್ತೇನೆ. ಬಹಳ ಜನ ತಪ್ಪು ತಿಳಿಯುವುದು ಇಲ್ಲಿಯೇ.

1986ರಲ್ಲಿ ನಮ್ಮ ಸ್ಯಾನ್ ಆಂಟೋನಿಯೋದಲ್ಲಿ 18 ಕಾಲೇಜುಗಳು ಸೇರಿ ಒಂದು ಒಕ್ಕೂಟ ಕಟ್ಟಿಕೊಂಡವು: ಹಿಸ್ಪಾನಿಕ್ ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ಒಕ್ಕೂಟ. ಅದರ ಕೇಂದ್ರ ಕಚೇರಿ ಇಂದಿಗೂ ಇದೇ ಊರಿನಲ್ಲಿದೆ. ಅವರು ಗಮನಿಸಿದ ಸಂಗತಿ ಸರಳ. ಲ್ಯಾಟಿನೋ ಮಕ್ಕಳು ದೇಶದ ಎಲ್ಲ ಕಾಲೇಜುಗಳಲ್ಲಿ ಹರಡಿಕೊಂಡಿರಲಿಲ್ಲ. ಮನೆಗೆ ಹತ್ತಿರದ, ಶುಲ್ಕ ಕಡಿಮೆ ಇರುವ, ಕೈಯಲ್ಲಿ ಕಾಸಿಲ್ಲದ ಕೆಲವೇ ಕಾಲೇಜುಗಳಲ್ಲಿ ಕಿಕ್ಕಿರಿದಿದ್ದರು. ಆ ಕಾಲೇಜುಗಳನ್ನು ಬಲಪಡಿಸಿದರೆ ಮಕ್ಕಳು ಬಲಗೊಳ್ಳುತ್ತಾರೆ ಎಂದು ಒಕ್ಕೂಟ ವಾಷಿಂಗ್ಟನ್‌ನಲ್ಲಿ ಬಾಗಿಲಿನಿಂದ ಬಾಗಿಲಿಗೆ ಹೋಗಿ ವಾದಿಸಿತು. 1992ರಲ್ಲಿ ಉನ್ನತ ಶಿಕ್ಷಣ ಕಾಯ್ದೆಯೊಳಗೆ ‘ಹಿಸ್ಪಾನಿಕ್ ಸೇವಾ ಸಂಸ್ಥೆ’ ಎಂಬ ವರ್ಗ ಬಂತು. ಜನ ಅದನ್ನು ಎಚ್‌ಎಸ್‌ಐ ಎನ್ನುತ್ತಾರೆ. 1995ರಲ್ಲಿ ಮೊದಲ ಹಣ ಬಂತು, 1 ಕೋಟಿ 20 ಲಕ್ಷ ಡಾಲರ್. ಒಂದು ದೇಶದ ಲೆಕ್ಕಕ್ಕೆ ಅದು ಪುಡಿಕಾಸು. ಆದರೆ ಬಾಗಿಲು ತೆರೆಯಿತು. 1998ರಲ್ಲಿ ಕಾಯ್ದೆಯಲ್ಲಿ ಅದಕ್ಕೇ ಒಂದು ಪ್ರತ್ಯೇಕ ಅಧ್ಯಾಯ ಸಿಕ್ಕಿತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಎಚ್‌ಎಸ್‌ಐ ಆಗಲು ಸ್ನಾತಕೋತ್ತರದವರನ್ನು ಬಿಟ್ಟು ಪದವಿ ಓದುವವರನ್ನಷ್ಟೇ ಲೆಕ್ಕಹಾಕಿ ಅದರಲ್ಲಿ ಕನಿಷ್ಠ ಶೇಕಡ 25ರಷ್ಟು ಹಿಸ್ಪಾನಿಕ್ ವಿದ್ಯಾರ್ಥಿಗಳಿರಬೇಕು. ಅಷ್ಟೇ ಸಾಲದು. ಬಡ ವಿದ್ಯಾರ್ಥಿಗಳ ಪಾಲು ಹೆಚ್ಚಿರಬೇಕು, ಕಾಲೇಜು ಒಬ್ಬ ವಿದ್ಯಾರ್ಥಿಗೆ ಮಾಡುವ ಖರ್ಚು ಕಡಿಮೆ ಇರಬೇಕು. ಅಂದರೆ ಬಡತನದ ಮಾನದಂಡ ಕಾಯ್ದೆಯ ಒಳಗೇ ಇದೆ. ಹಣ ಯಾವ ವಿದ್ಯಾರ್ಥಿಯ ಕೈಗೂ ಹೋಗುವುದಿಲ್ಲ, ಕಾಲೇಜಿಗೆ ಬರುತ್ತದೆ. ಅದರಿಂದ ಪ್ರಯೋಗಾಲಯ, ಪಾಠ ಹೇಳಿಕೊಡುವ ಕೇಂದ್ರ, ಸಲಹೆಗಾರರ ಸಂಬಳ. ಅಲ್ಲಿ ಕುಳಿತು ಕಲಿಯುವವರ ಹೆಸರು, ಕುಲ ಯಾರೂ ಕೇಳುವುದಿಲ್ಲ. ನನ್ನ ತರಗತಿಯಲ್ಲಿ ರಾಯಚೂರಿನಿಂದ ಬಂದ ಒಬ್ಬ ಹುಡುಗ ಬೀಜಗಣಿತದಲ್ಲಿ ಎರಡು ಬಾರಿ ನಪಾಸಾಗಿದ್ದ. ಅಂಥ ಅನುದಾನದಿಂದ ನಡೆಯುವ ಕೇಂದ್ರದಲ್ಲಿ ಚಳಿಗಾಲವಿಡೀ ಕುಳಿತು ಕಲಿತು ಪಾಸಾದ.

ಬಯಲುಸೀಮೆ

ಹಣ ಕಾಲೇಜಿಗೆ ಹೋಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ವಂದನೆ. ಆದರೆ ಶೇಕಡ 25ರ ಗೆರೆ ನನ್ನನ್ನು ಇನ್ನೂ ಕಾಡುತ್ತಿದೆ. ಶೇಕಡ 24 ಇರುವ ಕಾಲೇಜಿನ ಮಗುವಿನ ಗತಿ ಏನು?

ಪೆಸಿಫಿಕ್ ತೀರ

ಬಯಲುಸೀಮೆಯವರೇ, ಇದೇ ತರಹದ ಇನ್ನೊಂದು ವರ್ಗ ನಮ್ಮ ಮಕ್ಕಳಿಗೂ ಇದೆ. ಏಷ್ಯಾ ಮೂಲದವರು ಮತ್ತು ಪೆಸಿಫಿಕ್ ದ್ವೀಪಗಳ ಮೂಲದವರು ಶೇಕಡ 10ರಷ್ಟು ಇರುವ, ಬಡ ವಿದ್ಯಾರ್ಥಿಗಳು ಹೆಚ್ಚಿರುವ ಕಾಲೇಜುಗಳಿಗಾಗಿ 2007ರಲ್ಲಿ ಬಂದದ್ದು. ಕ್ಯಾಲಿಫೋರ್ನಿಯಾದ ಹಲವು ಕಾಲೇಜುಗಳು ಎರಡೂ ವರ್ಗಗಳಲ್ಲಿವೆ. ಲ್ಯಾಟಿನೋಗಳು ಕಡಿದ ದಾರಿಯಲ್ಲೇ ನಾವೂ ನಡೆದಿದ್ದೇವೆ ಎಂದು ಕನ್ನಡಿಗರು ತಿಳಿದಿರಬೇಕು.

ನಾನು ಸಮಾಜಕಾರ್ಯಕರ್ತೆ. ಎರಡು ದಶಕಗಳಿಂದ ಸಮುದಾಯ ಕಾಲೇಜುಗಳ ಸುತ್ತಮುತ್ತ ಕೆಲಸ ಮಾಡುತ್ತಿದ್ದೇನೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಪುಯೆಂತೆ. ಅಂದರೆ ಸೇತುವೆ. ಹೇವರ್ಡ್ ಊರಿನ ಶಾಬೋ ಕಾಲೇಜಿನಲ್ಲಿ 1981ರಲ್ಲಿ ಫೆಲಿಕ್ಸ್ ಗಲಾವಿಜ್ ಎಂಬ ಸಲಹೆಗಾರ, ಪೆಟ್ರೀಷಿಯಾ ಮೆಗ್ರಾ ಎಂಬ ಇಂಗ್ಲಿಷ್ ಅಧ್ಯಾಪಕಿ ಸೇರಿ ಶುರು ಮಾಡಿದರು. ಮೊದಲು ತಮ್ಮ ಲ್ಯಾಟಿನೋ ವಿದ್ಯಾರ್ಥಿಗಳ ಅಂಕಪಟ್ಟಿಗಳನ್ನು ಮುಂದೆ ಹರಡಿಕೊಂಡು ಕುಳಿತರು. ಮೂರು ಸಂಗತಿ ಎದ್ದು ಕಂಡವು. ಮಕ್ಕಳು ಸಲಹೆಗಾರರ ಬಳಿ ಹೋಗುತ್ತಿರಲಿಲ್ಲ. ಕಾಲೇಜು ಮಟ್ಟದ ಇಂಗ್ಲಿಷ್ ಬರವಣಿಗೆಯ ತರಗತಿಗೆ ಸೇರುತ್ತಿರಲಿಲ್ಲ. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು ಅವರೇ ಆಗಿದ್ದರು.

ಅದಕ್ಕೆ ಅವರು ಕಂಡುಕೊಂಡ ಮದ್ದು ನೋಡಿ. ಒಂದು ವರ್ಷ ಒಂದೇ ಗುಂಪು, ಒಬ್ಬರೇ ಬರವಣಿಗೆಯ ಗುರು, ಜೊತೆಗೆ ಒಬ್ಬ ಸಲಹೆಗಾರ, ಊರಿನಲ್ಲಿ ಕೆಲಸದಲ್ಲಿರುವ ಲ್ಯಾಟಿನೋ ಹಿರಿಯರೊಬ್ಬರು ಮಾರ್ಗದರ್ಶಿ. ಸಲಹೆಗಾರ ಕಚೇರಿಯಲ್ಲಿ ಕುಳಿತು ವಿದ್ಯಾರ್ಥಿಗೆ ಕಾಯುವುದಿಲ್ಲ, ತರಗತಿಗೇ ಬರುತ್ತಾನೆ. ಬರೆಯುವ ವಿಷಯ ಎಲ್ಲಿಂದಲೋ ತಂದದ್ದಲ್ಲ, ಅವರವರ ಮನೆಯದು. ಒಂದು ತರಗತಿಯ ಹಿಂದೆ ಕುಳಿತು ನೋಡಿದ್ದು ನೆನಪಿದೆ. ಒಬ್ಬ ಹುಡುಗ ತಂದೆಯ ಕೈಗಳ ಬಗ್ಗೆ ಬರೆದಿದ್ದ. ಸ್ಟ್ರಾಬೆರಿ ಹೊಲದಲ್ಲಿ ಬಗ್ಗಿ ಬಗ್ಗಿ ಕೆಂಪಾದ ಉಗುರು, ಭಾನುವಾರ ಎಷ್ಟು ಉಜ್ಜಿದರೂ ಹೋಗದ ಬಣ್ಣ. ಮೂರನೆಯ ಸಾಲಿಗೆ ಬಂದಾಗ ಓದಲಾಗದೆ ನಿಲ್ಲಿಸಿದ. ಪಕ್ಕದಲ್ಲಿದ್ದ ಹುಡುಗಿ ಹಾಳೆ ತೆಗೆದುಕೊಂಡು ಉಳಿದದ್ದನ್ನು ಓದಿದಳು. ಗುರುಗಳು ಆಮೇಲೆ ಮಾತನಾಡಿದ್ದು ಕ್ರಿಯಾಪದಗಳ ಬಗ್ಗೆ. ಆ ಬರಹವನ್ನು ನಾಲ್ಕು ಸಲ ತಿದ್ದಿಸಿದರು. ಕರುಣೆ ತೋರಿಸಿ ಬಿಟ್ಟುಬಿಡಲಿಲ್ಲ. ಅದು ನನಗೆ ಬಹಳ ಹಿಡಿಸಿತು.

ಹಳೆಯ ಹೂಸ್ಟನ್

ನಾನು ಈ ನಾಡಿಗೆ ಬಂದು ನಲವತ್ತು ವರ್ಷ ದಾಟಿತು. ಮೇಷ್ಟ್ರೇ, ಆ ಡಬ್ಬದಲ್ಲಿ ಅಜ್ಜನ ಸೇನೆಯ ಕಾಗದ ಇತ್ತು ಎಂದಿರಲ್ಲ, ಅದನ್ನು ಓದಿ ಸುಮ್ಮನೆ ಕೂರಲಾಗಲಿಲ್ಲ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮನೆಗೆ ಮರಳಿದ ಸೈನಿಕರಿಗೆ ಕಾಲೇಜಿನ ಖರ್ಚನ್ನು ಸರಕಾರವೇ ಕೊಡುವ ಕಾಯ್ದೆ ಇತ್ತು. ದಕ್ಷಿಣ ಟೆಕ್ಸಸ್‌ನಲ್ಲಿ ಮೆಕ್ಸಿಕನ್ ಮೂಲದ ಸೈನಿಕರಿಗೆ ಅದು ಕೈಗೆ ಸಿಗುತ್ತಿರಲಿಲ್ಲ. ಅದಕ್ಕಾಗಿ ವೈದ್ಯ ಹೆಕ್ಟರ್ ಗಾರ್ಸಿಯಾ, ತಾನೂ ಯುದ್ಧ ಕಂಡವರು, 1948ರಲ್ಲಿ ಕಾರ್ಪಸ್ ಕ್ರಿಸ್ಟಿಯಲ್ಲಿ ಅಮೆರಿಕನ್ ಜಿಐ ಫೋರಂ ಎಂಬ ಮಾಜಿ ಸೈನಿಕರ ಸಂಘ ಕಟ್ಟಿದರು. ಮರುವರ್ಷ ಫೆಲಿಕ್ಸ್ ಲಾಂಗೋರಿಯಾ ಎಂಬ ಸೈನಿಕನ ದೇಹ ಫಿಲಿಪ್ಪೀನ್ಸ್‌ನಿಂದ ಬಂದಾಗ ಅವನ ಊರಿನ ಶವಸಂಸ್ಕಾರದ ಮನೆ ತನ್ನ ಪ್ರಾರ್ಥನಾ ಕೋಣೆ ಕೊಡಲು ಒಪ್ಪಲಿಲ್ಲ. ಫೋರಂ ದನಿ ಎತ್ತಿತು. ಆಗ ಸೆನೆಟರ್ ಆಗಿದ್ದ ಲಿಂಡನ್ ಜಾನ್ಸನ್ ನೆರವಿನಿಂದ ಆತನಿಗೆ ರಾಷ್ಟ್ರೀಯ ಸೈನಿಕ ಸ್ಮಶಾನವಾದ ಆರ್ಲಿಂಗ್ಟನ್‌ನಲ್ಲಿ ಮಣ್ಣು ಸಿಕ್ಕಿತು. ಶಿಕ್ಷಣವೇ ನಮ್ಮ ಸ್ವಾತಂತ್ರ್ಯ ಎಂಬ ಮಾತು ಆ ಫೋರಂನ ಧ್ಯೇಯವಾಕ್ಯದಲ್ಲಿದೆ. ಅದಕ್ಕೂ ಮುಂಚೆ, 1929ರಲ್ಲಿ, ಕಾರ್ಪಸ್ ಕ್ರಿಸ್ಟಿಯಲ್ಲೇ ಲ್ಯಾಟಿನೋ ನಾಗರಿಕರ ಹಕ್ಕುಗಳಿಗಾಗಿ ಲೂಲ್ಯಾಕ್ ಎಂಬ ಸಂಘ ಹುಟ್ಟಿತ್ತು.

1968ರಲ್ಲಿ ಸ್ಯಾನ್ ಆಂಟೋನಿಯೋದಲ್ಲಿ ಹುಟ್ಟಿದ ಮಾಲ್ಡೆಫ್ ವಕೀಲರ ಸಂಸ್ಥೆ. ಟೈಲರ್ ಎಂಬ ಊರಿನ ಶಾಲೆಗಳು ದಾಖಲೆ ಇಲ್ಲದ ಮಕ್ಕಳಿಂದ ವರ್ಷಕ್ಕೆ 1,000 ಡಾಲರ್ ಕೇಳಿದಾಗ 1977ರಲ್ಲಿ ಅದು ನ್ಯಾಯಾಲಯಕ್ಕೆ ಹೋಯಿತು. ಕುಟುಂಬಗಳ ಗುರುತು ಬಯಲಾಗದಿರಲೆಂದು ನ್ಯಾಯಾಧೀಶರು ಬೆಳಗ್ಗೆ ಜನ ಏಳುವ ಮೊದಲೇ ವಿಚಾರಣೆ ಇಟ್ಟರು. ಅಲ್ಲಿಂದಲೇ ಗಡೀಪಾರು ಮಾಡಿದರೆ ಎಂಬ ಭಯಕ್ಕೆ ಮನೆಯ ಸಾಮಾನನ್ನೆಲ್ಲ ಕಾರಿಗೆ ತುಂಬಿಕೊಂಡು ಬಂದ ಕುಟುಂಬವೂ ಇತ್ತು. 1982ರಲ್ಲಿ ಸುಪ್ರೀಂ ಕೋರ್ಟ್ 5–4ರ ತೀರ್ಪಿನಲ್ಲಿ ಆ ಮಕ್ಕಳ ಪರವಾಗಿ ನಿಂತಿತು. ಶಾಲೆಯೇ ಇಲ್ಲದ ಮೇಲೆ ಕಾಲೇಜು ಎಲ್ಲಿಯದು?

ಇನ್ನೊಂದು ಮೊಕದ್ದಮೆ ಸೋತೂ ಫಲ ಕೊಟ್ಟಿತು. ಗಡಿಯ ಪ್ರದೇಶದ ವಿಶ್ವವಿದ್ಯಾಲಯಗಳಿಗೆ ರಾಜ್ಯ ನ್ಯಾಯವಾದ ಪಾಲು ಕೊಡುತ್ತಿಲ್ಲ ಎಂದು ಮಾಲ್ಡೆಫ್ 1987ರಲ್ಲಿ ಬ್ರೌನ್ಸ್‌ವಿಲ್‌ನಲ್ಲಿ ದಾವೆ ಹೂಡಿತು. 1993ರಲ್ಲಿ ಟೆಕ್ಸಸ್‌ನ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಅಷ್ಟರಲ್ಲಿ ದಾವೆಯ ಬಿಸಿ ಶಾಸನಸಭೆಗೆ ತಟ್ಟಿ, ದಕ್ಷಿಣದ ಗಡಿ ಜಿಲ್ಲೆಗಳ ಉನ್ನತ ಶಿಕ್ಷಣಕ್ಕೆ ಹಣ ಹರಿಯತೊಡಗಿತ್ತು.

ಶರಾವತಿ ದಂಡೆ

ಹಿರಿಯರೇ, ನಮಸ್ಕಾರ. ಇದನ್ನೆಲ್ಲ ಓದುವಾಗ ನಮ್ಮ ವಾರಾನ್ನ ನೆನಪಾಯಿತು. ನಮ್ಮ ತಾತ ದಿನಕ್ಕೊಂದು ಮನೆಯಲ್ಲಿ ಉಂಡು ಓದಿದವರು. ಸಮುದಾಯವೇ ತನ್ನ ಮಕ್ಕಳನ್ನು ಓದಿಸಿಕೊಂಡ ರೀತಿ ಒಂದೇ ಅಲ್ಲವೇ?

ಹಳೆಯ ಹೂಸ್ಟನ್

ತಾಯಿ, ನಿಮ್ಮ ತಾತನ ಶ್ರಮಕ್ಕೆ ನನ್ನ ಗೌರವವಿದೆ. ಆದರೆ ವಾರಾನ್ನದ ಮನೆಗಳ ಬಾಗಿಲು ನನ್ನ ಅಪ್ಪನಿಗೆ ತೆರೆದಿರಲಿಲ್ಲ. ಅವರು ಹುಟ್ಟಿದ ಜಾತಿಗೆ ಆ ಜಗಲಿಯೂ ಎಟುಕುತ್ತಿರಲಿಲ್ಲ. ಅವರನ್ನು ಓದಿಸಿದ್ದು ಸರಕಾರದ ವಿದ್ಯಾರ್ಥಿನಿಲಯ, ಅಲ್ಲಿನ ಮುದ್ದೆ, ಒಂದು ಲಾಟೀನು. ಹಾಗಾಗಿ ನನಗೆ ಎಚ್‌ಎಸ್‌ಐ ಕಾಲೇಜು ಕಂಡಾಗ ನೆನಪಾಗುವುದು ವಾರಾನ್ನವಲ್ಲ, ಆ ವಿದ್ಯಾರ್ಥಿನಿಲಯ.

ಶರಾವತಿ ದಂಡೆ

ನೀವು ಹೇಳಿದ್ದು ಸರಿ. ನಾನು ಯೋಚಿಸದೆ ಬರೆದೆ. ಕ್ಷಮಿಸಿ.

ಗಡಿನಾಡು, ಎಲ್ ಪಾಸೋ

ಬಯಲುಸೀಮೆಯವರ ಶೇಕಡ 25ರ ಪ್ರಶ್ನೆಗೆ ಮರಳಿ ಬರೋಣ. ನನಗೆ ಇಡೀ ಚರ್ಚೆಯ ತಿರುಳೇ ಅದು ಎನಿಸುತ್ತದೆ. ಗೆರೆಯ ಆಚೆಗಿನ ಮಗುವಿನಷ್ಟೇ ಗೆರೆಯ ಈಚೆಗಿನ ಮಗುವೂ ನನ್ನನ್ನು ಕಾಡುತ್ತದೆ. ಲ್ಯಾಟಿನೋ ಮಕ್ಕಳು ಶೇಕಡ 25 ದಾಟಿದರೆ ಕಾಲೇಜಿಗೆ ‘ಸೇವಾ ಸಂಸ್ಥೆ’ ಎಂಬ ಹೆಸರು ಸಿಗುತ್ತದೆ. ಅವರಲ್ಲಿ ಎಷ್ಟು ಜನ ಪದವಿ ಪಡೆದು ಹೊರಬಂದರು ಎಂದು ಆ ಗೆರೆ ಕೇಳುವುದಿಲ್ಲ. ಊರಿನ ಜನಸಂಖ್ಯೆ ಬದಲಾದ ಕಾರಣಕ್ಕೇ, ಬೆರಳೂ ಅಲುಗಿಸದೆ, ಆ ಹೆಸರು ಪಡೆದ ಕಾಲೇಜುಗಳಿವೆ. ಇಂದು ಸುಮಾರು 600 ಎಚ್‌ಎಸ್‌ಐಗಳಿವೆ. ದೇಶದ ಲ್ಯಾಟಿನೋ ಪದವಿ ವಿದ್ಯಾರ್ಥಿಗಳಲ್ಲಿ ಮೂರರಲ್ಲಿ ಎರಡು ಪಾಲು ಅಲ್ಲೇ ಓದುತ್ತಾರೆ. ಆದರೂ 25 ವರ್ಷ ದಾಟಿದ ಲ್ಯಾಟಿನೋಗಳಲ್ಲಿ ಪದವೀಧರರು ಐದರಲ್ಲಿ ಒಬ್ಬರ ಆಸುಪಾಸು. ಇಡೀ ದೇಶದ ಲೆಕ್ಕ ಹಿಡಿದರೆ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು.

ಇದನ್ನು ನೇರವಾಗಿ ಪ್ರಶ್ನಿಸಿದ್ದು ಎಕ್ಸೆಲೆನ್ಸಿಯಾ ಇನ್ ಎಜುಕೇಶನ್. ಸರೀತಾ ಬ್ರೌನ್, ಡೆಬೊರಾ ಸ್ಯಾಂಟಿಯಾಗೋ ಎಂಬ ಇಬ್ಬರು ಮಹಿಳೆಯರು 2004ರಲ್ಲಿ ವಾಷಿಂಗ್ಟನ್‌ನಲ್ಲಿ ಕಟ್ಟಿದ ಸಂಸ್ಥೆ. ಶೇಕಡ 15ರಿಂದ 25ರ ನಡುವೆ ಇರುವ ಕಾಲೇಜುಗಳನ್ನು ‘ಉದಯಿಸುತ್ತಿರುವ’ ಎಚ್‌ಎಸ್‌ಐ ಎಂದು ಗುರುತಿಸಿ ಗೆರೆಯ ಆಚೆಗಿನ ಮಕ್ಕಳ ಕಡೆಗೂ ಕಣ್ಣು ಹಾಯಿಸಿದ್ದು ಅವರೇ. 2019ರಿಂದ ಅವರು ಒಂದು ಮುದ್ರೆ ಕೊಡುತ್ತಾರೆ. ಅದನ್ನು ಕೇಳಿ ಬರುವ ಕಾಲೇಜು ತನ್ನ ಅಂಕಿಅಂಶ ಬಿಚ್ಚಿಡಬೇಕು, ಏನು ಮಾಡುತ್ತಿದ್ದೇವೆ ಎಂದು ತೋರಿಸಬೇಕು, ಆಡಳಿತ ನಡೆಸುವವರು ಅದಕ್ಕೆ ಬದ್ಧರೆಂದು ಸಾಬೀತು ಮಾಡಬೇಕು. ಮುದ್ರೆಗೂ ಅವಧಿ ಇದೆ. ಮತ್ತೆ ಪರೀಕ್ಷೆಗೆ ಕೂರಬೇಕು.

ಮೊದಲ ವರ್ಷ ಮುದ್ರೆ ಪಡೆದ 9 ಸಂಸ್ಥೆಗಳಲ್ಲಿ ನಮ್ಮ ಎಲ್ ಪಾಸೋದ ವಿಶ್ವವಿದ್ಯಾಲಯವೂ ಒಂದು. ಡಯಾನಾ ನತಾಲಿಸಿಯೋ ಎಂಬ ಭಾಷಾವಿಜ್ಞಾನಿ 1988ರಿಂದ 2019ರವರೆಗೆ, ಮೂವತ್ತೊಂದು ವರ್ಷ, ಅದರ ಅಧ್ಯಕ್ಷೆಯಾಗಿದ್ದರು. ಎಲ್ಲರನ್ನೂ ಒಳಗೆ ಬಿಟ್ಟುಕೊಂಡರೆ ಮಟ್ಟ ಕುಸಿಯುತ್ತದೆ ಎಂಬ ಮಾತನ್ನು ಅವರು ಒಪ್ಪಲೇ ಇಲ್ಲ. ಅವರ ಕೊನೆಯ ವರ್ಷದಲ್ಲಿ ಅದು ದೇಶದ ಅತ್ಯುನ್ನತ ಸಂಶೋಧನಾ ಶ್ರೇಣಿಗೆ ಸೇರಿತು. ಬೆಳಗ್ಗೆ ಗಡಿಯಾಚೆ ಮೆಕ್ಸಿಕೋದ ಹ್ವಾರೆಸ್‌ನಿಂದ ಸೇತುವೆ ದಾಟಿ, ಗಡಿ ತಪಾಸಣೆಯ ಸಾಲಿನಲ್ಲೇ ಪುಸ್ತಕ ಬಿಡಿಸಿಕೊಂಡು ಓದುತ್ತ ಬರುವ ಮಕ್ಕಳು ಇಂದಿಗೂ ಇದ್ದಾರೆ. ಅಂಥವರಲ್ಲಿ ಇಬ್ಬರು ನನ್ನ ಪ್ರಯೋಗಾಲಯದಲ್ಲಿದ್ದಾರೆ. ಸಾಲು ಉದ್ದವಾದ ದಿನ ತಡವಾಗಿ ಬರುತ್ತಾರೆ. ನಾನು ಕಾಯುತ್ತೇನೆ.

ಪೆಸಿಫಿಕ್ ತೀರ

‘ಸೇರಿಸಿಕೊಳ್ಳುವುದು ಒಂದು, ದಡ ಮುಟ್ಟಿಸುವುದು ಇನ್ನೊಂದು’ ಎಂದು ನಮ್ಮ ಕಾಲೇಜಿನ ಸಲಹೆಗಾರ್ತಿಗೆ ಕನ್ನಡದಲ್ಲಿ ಹೇಳಿ ಅರ್ಥ ಬಿಡಿಸಿದ್ದೆ. ಅವರು ಅದನ್ನು ಕಾಗದದ ಮೇಲೆ ಬರೆದು ಮೇಜಿನ ಮುಂದೆ ಅಂಟಿಸಿಕೊಂಡಿದ್ದಾರೆ. ಮೇಷ್ಟ್ರೇ, ಶೀರ್ಷಿಕೆಗೆ ಈ ಮಾತು ಹಾಕಿದರೆ ಹೇಗೆ?

ಗಣಿತದ ಮೇಷ್ಟ್ರು, ಸ್ಯಾನ್ ಆಂಟೋನಿಯೋ

ಬದಲಾಯಿಸಿದ್ದೇನೆ.

ಮಧ್ಯಪಶ್ಚಿಮದ ಅಮ್ಮ

ನನ್ನ ಮಗಳ ಗೆಳತಿಯೊಬ್ಬಳು ಗ್ವಾಟೆಮಾಲಾ ಮೂಲದವಳು, ಎಂಜಿನಿಯರಿಂಗ್ ಓದುವ ಆಸೆ. ಅವಳ ಹೈಸ್ಕೂಲಿನ ಸಲಹೆಗಾರರೊಬ್ಬರು ‘ಕೇಶಾಲಂಕಾರದ ಕೋರ್ಸು ನಿನಗೆ ಹೊಂದುತ್ತದೆ’ ಎಂದರಂತೆ. ಗಣಿತದಲ್ಲಿ ಅವಳು ನನ್ನ ಮಗಳಿಗಿಂತ ಮುಂದು. ಕೇಳಿದಾಗಿನಿಂದ ಹೊಟ್ಟೆಯಲ್ಲಿ ಸಂಕಟ. ಅವಳಿಗೆ ಯಾವ ಸಂಸ್ಥೆಯ ದಾರಿ ತೋರಿಸಲಿ?

ಗಡಿನಾಡು, ಎಲ್ ಪಾಸೋ

ಅಮ್ಮ, ಮೊದಲು ಹಿಸ್ಪಾನಿಕ್ ಎಂಜಿನಿಯರುಗಳ ಸಂಘ. ಅದನ್ನು ‘ಶಿಪ್’ ಎನ್ನುತ್ತಾರೆ. ಲಾಸ್ ಏಂಜಲಿಸ್ ನಗರಾಡಳಿತದಲ್ಲಿ ಕೆಲಸ ಮಾಡುತ್ತಿದ್ದ ಎಂಜಿನಿಯರುಗಳೇ 1974ರಲ್ಲಿ ಕಟ್ಟಿದ್ದು. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಅದರ ವಿದ್ಯಾರ್ಥಿ ಘಟಕಗಳಿವೆ. ನಿಮ್ಮ ಊರಿಗೆ ಹತ್ತಿರದ ಘಟಕಕ್ಕೆ ಒಂದು ಪತ್ರ ಬರೆದರೆ, ತನ್ನಂತೆಯೇ ಇರುವ ಎಂಜಿನಿಯರಿಂಗ್ ಹುಡುಗಿಯರನ್ನು ಅವಳು ಕಣ್ಣಾರೆ ನೋಡುತ್ತಾಳೆ. ಆ ಸಲಹೆಗಾರರ ಮಾತು ಅಲ್ಲಿಗೆ ಬಿದ್ದುಹೋಗುತ್ತದೆ. ವಿಜ್ಞಾನದ ಸಂಶೋಧನೆಯ ಕಡೆ ಮನಸ್ಸಾದರೆ 1973ರಲ್ಲಿ ಶುರುವಾದ ಸಾಕ್ನಾಸ್ ಎಂಬ ಸಂಘ ಇದೆ. ಅದರಲ್ಲಿ ಮೂಲನಿವಾಸಿ ವಿದ್ಯಾರ್ಥಿಗಳೂ ಜೊತೆಗಿದ್ದಾರೆ. ವಿದ್ಯಾರ್ಥಿವೇತನಕ್ಕೆ ಹಿಸ್ಪಾನಿಕ್ ಸ್ಕಾಲರ್‌ಶಿಪ್ ಫಂಡ್. ಅರ್ನೆಸ್ಟ್ ರೋಬ್ಲೆಸ್ 1975ರಲ್ಲಿ 30,000 ಡಾಲರ್‌ನಿಂದ ಆರಂಭಿಸಿದ ನಿಧಿ ಇಂದು ದೇಶದಲ್ಲೇ ದೊಡ್ಡವುಗಳಲ್ಲಿ ಒಂದು. ಕಾಲೇಜು ಸೇರಿದ ಮೇಲೆ, ಮೇಷ್ಟ್ರು ಹೇಳಿದ ಒಕ್ಕೂಟ 1992ರಿಂದ ಕೇಂದ್ರ ಸರಕಾರದ ಇಲಾಖೆಗಳಲ್ಲಿ ತರಬೇತಿ ಹುದ್ದೆ ಕೊಡಿಸುತ್ತ ಬಂದಿದೆ. ಪ್ರತಿಯೊಂದಕ್ಕೂ ಅರ್ಹತೆಯ ನಿಯಮ ಈಗ ಬದಲಾಗುತ್ತಿರುವುದರಿಂದ ಅರ್ಜಿ ಹಾಕುವ ದಿನ ಆಯಾ ಸಂಸ್ಥೆಯ ಜಾಲತಾಣವನ್ನೇ ನೋಡಿ.

ಹೊಸ ಓದುಗ

ನಿಯಮ ಯಾಕೆ ಬದಲಾಗುತ್ತಿದೆ?

ನ್ಯೂಯಾರ್ಕಿನ ತುಂಗೆ

2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಹಾರ್ವರ್ಡ್ ಮತ್ತು ನಾರ್ತ್ ಕ್ಯಾರೊಲಿನಾ ಪ್ರಕರಣಗಳಲ್ಲಿ, ಪ್ರವೇಶ ಕೊಡುವಾಗ ಜನಾಂಗವನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ ಎಂದಿತು. ಅಲ್ಲಿಂದ ಗಾಳಿ ತಿರುಗಿತು. ಲ್ಯಾಟಿನೋ ಮಕ್ಕಳಿಗಾಗಿ 1985ರಿಂದ ನಡೆದುಬಂದಿದ್ದ ಮೆಕ್‌ಡೊನಾಲ್ಡ್ಸ್‌ನ ವಿದ್ಯಾರ್ಥಿವೇತನದ ಮೇಲೆ 2025ರ ಜನವರಿಯಲ್ಲಿ ದಾವೆ ಬಿತ್ತು. ಕಂಪನಿ ರಾಜಿಯಾಗಿ, ಹೆತ್ತವರು ಲ್ಯಾಟಿನೋ ಆಗಿರಬೇಕೆಂಬ ಷರತ್ತನ್ನು ಕೈಬಿಟ್ಟಿತು. ಆ ಸಮುದಾಯಕ್ಕೆ ದುಡಿದವರು ಯಾರೇ ಆದರೂ ಅರ್ಜಿ ಹಾಕಬಹುದು ಎಂದಾಯಿತು. ಅದೇ ವರ್ಷ ಜೂನ್‌ನಲ್ಲಿ ಟೆನೆಸಿ ರಾಜ್ಯ, ಹಾರ್ವರ್ಡ್ ಪ್ರಕರಣ ಗೆದ್ದ ಸಂಘಟನೆಯ ಜೊತೆ ಸೇರಿ, ಎಚ್‌ಎಸ್‌ಐ ಕಾರ್ಯಕ್ರಮವೇ ಸಂವಿಧಾನಕ್ಕೆ ವಿರುದ್ಧ ಎಂದು ನ್ಯಾಯಾಲಯಕ್ಕೆ ಹೋಯಿತು. ತಮ್ಮ ರಾಜ್ಯದ ಸರಕಾರಿ ವಿಶ್ವವಿದ್ಯಾಲಯಗಳಲ್ಲೂ ಹಿಸ್ಪಾನಿಕ್ ಮಕ್ಕಳಿದ್ದಾರೆ, ಶೇಕಡ 25 ಮುಟ್ಟದ ಕಾರಣಕ್ಕೆ ಹಣ ಸಿಗುತ್ತಿಲ್ಲ ಎಂಬುದು ಅವರ ವಾದ. ಬಯಲುಸೀಮೆಯವರು ಕೇಳಿದ್ದೇ ಪ್ರಶ್ನೆ, ಬೇರೆ ಉದ್ದೇಶಕ್ಕೆ. ಜುಲೈನಲ್ಲಿ ಕೇಂದ್ರದ ನ್ಯಾಯ ಇಲಾಖೆ ಈ ಕಾರ್ಯಕ್ರಮವನ್ನು ತಾನು ಸಮರ್ಥಿಸುವುದಿಲ್ಲ ಎಂದಿತು. ಸೆಪ್ಟೆಂಬರ್‌ನಲ್ಲಿ ಶಿಕ್ಷಣ ಇಲಾಖೆ ಇಂಥ ಕಾರ್ಯಕ್ರಮಗಳ ಸುಮಾರು 35 ಕೋಟಿ ಡಾಲರ್ ನಿಲ್ಲಿಸುವುದಾಗಿ ಪ್ರಕಟಿಸಿತು. ಸರಕಾರವೇ ಕೈಬಿಟ್ಟ ಕಾಯ್ದೆಯ ಪರವಾಗಿ ವಾದಿಸಲು ಅನುಮತಿ ಕೇಳಿ ಹಿಸ್ಪಾನಿಕ್ ಕಾಲೇಜುಗಳ ಒಕ್ಕೂಟ ಆ ವರ್ಷವೇ ನ್ಯಾಯಾಲಯದ ಬಾಗಿಲು ತಟ್ಟಿತು.

ಪೆಸಿಫಿಕ್ ತೀರದವರು ಹೇಳಿದ, ನಮ್ಮ ಏಷ್ಯಾ ಮೂಲದ ಮಕ್ಕಳ ಕಾಲೇಜುಗಳ ಹಣವೂ ಆ 35 ಕೋಟಿಯೊಳಗೆ ಇದೆ.

ಬಯಲುಸೀಮೆ

ನನ್ನ ಪ್ರಶ್ನೆಗೆ ನಾನು ಬಯಸಿದ ಉತ್ತರ ಇದಲ್ಲ. ಗೆರೆ ಸರಿಯಿಲ್ಲ ಎನಿಸಿದರೆ ಗೆರೆಯನ್ನು ಇನ್ನಷ್ಟು ಮಕ್ಕಳನ್ನು ಒಳಗೊಳ್ಳುವಂತೆ ಎಳೆಯಬೇಕು. ಇದ್ದ ದೀಪವನ್ನೇ ಆರಿಸಿ ಎಲ್ಲರಿಗೂ ಸಮಾನವಾಗಿ ಕತ್ತಲೆ ಹಂಚುವುದು ನನಗೆ ಒಪ್ಪಿಗೆಯಿಲ್ಲ. ಜನಾಂಗದ ಲೆಕ್ಕದ ಬಗ್ಗೆ ನನ್ನ ಅನುಮಾನ ಪೂರ್ತಿ ಹೋಗಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆದರೆ ರಾಯಚೂರಿನ ಹುಡುಗ ಕುಳಿತು ಕಲಿತ ಕೇಂದ್ರದ ಬಾಗಿಲು ಮುಚ್ಚಬಾರದು.

ಪೆಸಿಫಿಕ್ ತೀರ

ಹಣದ ಮಾತಿನ ಜೊತೆಗೆ ಇನ್ನೊಂದನ್ನೂ ಬರೆದಿಡುತ್ತೇನೆ. 2023ರ ಡಿಸೆಂಬರ್ ಕೊನೆಗೆ ಫ್ಯಾಫ್ಸಾ ಹೊಸ ರೂಪದಲ್ಲಿ ಬಂದಾಗ, ಸಾಮಾಜಿಕ ಭದ್ರತಾ ಸಂಖ್ಯೆ ಇಲ್ಲದ ಹೆತ್ತವರ ಮಕ್ಕಳಿಗೆ ಅದನ್ನು ಸಲ್ಲಿಸಲು ತಿಂಗಳುಗಟ್ಟಲೆ ಸಾಧ್ಯವೇ ಆಗಲಿಲ್ಲ. ಆ ಮಕ್ಕಳು ಇಲ್ಲೇ ಹುಟ್ಟಿದ ಪ್ರಜೆಗಳು. ಎಷ್ಟೋ ಮನೆಗಳಲ್ಲಿ ‘ದೇವರು ಬೇಡವೆಂದ’ ಎಂದು ಸುಮ್ಮನಾಗುವವರಿದ್ದರು. ಬಿಡದೆ ಫೋನ್ ಮಾಡಿ, ಮತ್ತೆ ಕರೆದು ಕೂರಿಸಿದವರು ಇಂಥ ಸಣ್ಣ ಸಣ್ಣ ಸಂಸ್ಥೆಗಳ ಹೆಣ್ಣುಮಕ್ಕಳು. ಅವರ ಹೆಸರು ಯಾವ ಚರಿತ್ರೆಯಲ್ಲೂ ಬರುವುದಿಲ್ಲ. ಅನುದಾನ ನಿಂತರೆ ಮೊದಲು ಹೋಗುವುದು ಅವರ ಸಂಬಳ.

ಗಣಿತದ ಮೇಷ್ಟ್ರು, ಸ್ಯಾನ್ ಆಂಟೋನಿಯೋ

ಎಲ್ಲರಿಗೂ ಕೈಮುಗಿದೆ. ಇಷ್ಟು ಬರಬಹುದೆಂದು ಎಣಿಸಿರಲಿಲ್ಲ.

ಪಕ್ಕದ ಮನೆಯ ಹುಡುಗಿಯ ಅರ್ಜಿ ಸ್ವೀಕೃತವಾಗಿದೆ. ನಿನ್ನೆ ತಾಯಿ ಬಂದಿದ್ದರು, ತಾಮಾಲೆ ತಂದಿದ್ದರು. ಜೋಳದ ಹಿಟ್ಟನ್ನು ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ್ದು, ನನ್ನ ಹೆಂಡತಿ ಅದನ್ನು ಬಾಯಿಗಿಟ್ಟು ‘ಅರಿಸಿನದ ಎಲೆಯ ಕಡುಬಿನ ಅಕ್ಕ’ ಎಂದಳು. ಹಳೆಯ ಹೂಸ್ಟನ್ ಅವರು ಬರೆದ ಲಾಂಗೋರಿಯಾ ಕಥೆಯನ್ನು ಆ ತಾಯಿಗೆ ಹೇಳಿದೆ. ಅವರಿಗೆ ಗೊತ್ತಿತ್ತು. ಅವರ ತಂದೆ ಜಿಐ ಫೋರಂನ ಸಭೆಗಳಿಗೆ ಹೋಗುತ್ತಿದ್ದರಂತೆ. ಸೇನೆಯ ಕಾಗದವನ್ನು ಅದಕ್ಕೇ ಇಷ್ಟು ವರ್ಷ ಕಾಪಿಟ್ಟಿದ್ದಾರೆ.

ಅವರ ತಂಗಿಯ ಮಗನೂ ಈ ವರ್ಷ ಹನ್ನೆರಡನೆಯ ತರಗತಿ. ಮುಂದಿನ ಶನಿವಾರ ಬೆಳಗ್ಗೆ 10ಕ್ಕೆ ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಅವನ ಜೊತೆ ಇನ್ನೂ ನಾಲ್ಕು ಮನೆಯವರು ಬರುತ್ತಾರೆ. ಈ ಊರಿನ ಕನ್ನಡಿಗರಲ್ಲಿ ಸ್ಪ್ಯಾನಿಷ್ ಬಲ್ಲವರು ಒಬ್ಬಿಬ್ಬರು ಬಂದರೆ ಬಹಳ ಅನುಕೂಲ. ಲ್ಯಾಪ್‌ಟಾಪ್ ತನ್ನಿ, ಚಾರ್ಜರ್ ಮರೆಯಬೇಡಿ. ಮನೆಯವರ ಮೊಬೈಲ್‌ಗಳೆಲ್ಲ ಅಂದು ಮನೆಯವರ ಜೊತೆಯಲ್ಲೇ ಇರಬೇಕು ಎಂದು ಈ ಸಲ ಮೊದಲೇ ಹೇಳಿದ್ದೇನೆ.